ಮೊನೆನ್ಸಿನ್ ಫೀಡ್ + ಟಿಯಾಮುಲಿನ್: ಕೋಳಿಗಳ ಕಾಲು ಸೋತಿವೆ

ಪ್ರಶ್ನೆ: ಬ್ರಾಯ್ಲರ್ ಫೀಡ್‌ನಲ್ಲಿ ಮೊನೆನ್ಸಿನ್ (ಕಾಕ್ಸಿಡಿಯೋಸಿಸ್ ಎಂಬ ಕರುಳು ರೋಗ ತಡೆಯುವ ಔಷಧ) ಇದೆ. ಸಿಆರ್‌ಡಿಗೆ (ದೀರ್ಘಕಾಲದ ಉಸಿರಾಟದ ರೋಗ) ನೀರಲ್ಲಿ ಟಿಯಾಮುಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ ಮರಿಗಳು ಕಾಲು ಹಿಂದಕ್ಕೆ ಚಾಚಿ ಎದೆ ಊರಿ ಮಲಗಿವೆ, ಮೇವು ಮುಟ್ಟುತ್ತಿಲ್ಲ. ಇದು ರಾಣಿಖೇತವೇ (ಕೋಳಿಗಳ ವೈರಸ್ ರೋಗ)?

ಉತ್ತರ 1: ಮೊದಲು ಟಿಯಾಮುಲಿನ್ ನಿಲ್ಲಿಸಿ, ಫೀಡ್ ಕೂಡ ಬದಲಿಸಿ. ಮೊನೆನ್ಸಿನ್ ಕರಗಿಸುವ ಲಿವರ್ ಕಿಣ್ವಗಳನ್ನು ಟಿಯಾಮುಲಿನ್ ತಡೆಯುತ್ತದೆ. ಆಗ ಸರಿಯಾದ ಪ್ರಮಾಣವೇ ವಿಷ. ಜೀವಕೋಶದೊಳಗೆ ಸೋಡಿಯಂ, ಕ್ಯಾಲ್ಸಿಯಂ ನುಗ್ಗಿ ಹೃದಯದ ಮತ್ತು ಕಾಲಿನ ಸ್ನಾಯು ಸಾಯುತ್ತದೆ. ಮೊನೆನ್ಸಿನ್ ಗುಂಪಿನದೇ ಆದ ಸ್ಯಾಲಿನೋಮೈಸಿನ್, ನರಾಸಿನ್ ಜೊತೆಗೂ ಇದೇ ಕಥೆ. ಟಿಯಾಮುಲಿನ್ ಕೊಡುವ ಹಿಂದೆ ಮುಂದೆ 7 ದಿನ ಈ ಔಷಧಗಳು ಫೀಡ್‌ನಲ್ಲಿ ಇರಬಾರದು. ಪ್ರತಿವಿಷ ಇಲ್ಲ. ರಾಣಿಖೇತ ಅಲ್ಲವೆಂದು ಖಚಿತಪಡಿಸಲು ಸತ್ತ ಕೋಳಿ ಮತ್ತು ಫೀಡ್ ಸ್ಯಾಂಪಲ್ ಎರಡನ್ನೂ ಲ್ಯಾಬ್‌ಗೆ ಕೊಡಿ.

ಉತ್ತರ 2: ಮಿಕ್ಸಿಂಗ್ ಕೂಡ ನೋಡಿ. ಟನ್‌ಗೆ 100 ಗ್ರಾಂ ಔಷಧ ಬೇಕಾದರೆ 10% ಪ್ರೀಮಿಕ್ಸ್ (ಔಷಧ ಬೆರೆಸಿದ ಪುಡಿ) 1 ಕೆಜಿ, 20% ಆದರೆ ಅರ್ಧ ಕೆಜಿ. ಚೀಲ ಬದಲಾಗಿದ್ದು ಗಮನಿಸದೆ ಹಳೇ ಲೆಕ್ಕದಲ್ಲೇ ಸುರಿದರೆ ಡಬಲ್! ಮೊದಲು 10 ಕೆಜಿ ಜೋಳದ ಹಿಟ್ಟಲ್ಲಿ ಕಲಸಿ, ಆಮೇಲೆ ಮಿಕ್ಸರ್‌ಗೆ ಹಾಕಿ.

ಉತ್ತರ 3: ಉಳಿದ ಫೀಡ್ ಕುದುರೆಗಂತೂ ಬೇಡ. ಕೆಜಿ ತೂಕಕ್ಕೆ 2–3 ಮಿಗ್ರಾಂ ಮೊನೆನ್ಸಿನ್ ಸಾಕು, ಹೃದಯ ಹೋಗುತ್ತದೆ. ಕೋಳಿಗೆ ಮಾರಕ ಪ್ರಮಾಣ ಸುಮಾರು 200 ಮಿಗ್ರಾಂ.