ಅಪ್‌ಡೇಟ್: ಮಳೆ ಬಂದಾಗ ಜಿಪಿಎಸ್ ಸಿಂಕ್ ತಪ್ಪುತ್ತಿದ್ದ ಕಾರಣ ಸಿಕ್ಕಿತು
ಮೂಡಿಗೆರೆ ಬಳಿಯ ನಮ್ಮ ಗುಡ್ಡದ ಗೋಪುರದಲ್ಲಿರುವ ನಾಲ್ಕು ಆಕ್ಸೆಸ್ ಪಾಯಿಂಟ್‌ಗಳಲ್ಲಿ (ನಿಸ್ತಂತು ಇಂಟರ್ನೆಟ್ ಕೊಡುವ ರೇಡಿಯೋಗಳು) ಎರಡು, ಮಳೆ ಶುರುವಾದರೆ ಸಾಕು, ಜಿಪಿಎಸ್ ಸಿಂಕ್ (ಉಪಗ್ರಹದ ಸಮಯಕ್ಕೆ ಹೊಂದಿಕೊಂಡು ಎಲ್ಲವೂ ಒಟ್ಟಿಗೆ ಪ್ರಸಾರ ಮಾಡಿ, ಒಟ್ಟಿಗೆ ಆಲಿಸುವುದು) ಕಳೆದುಕೊಳ್ಳುತ್ತಿವೆ, ಕಾರಣವೇನು ಎಂದು ಹಿಂದೆ ಇಲ್ಲಿ ಕೇಳಿದ್ದೆ. ಫರ್ಮ್‌ವೇರ್ (ಅವುಗಳ ಒಳಗಿನ ತಂತ್ರಾಂಶ) ಬದಲಿಸಿದರೂ ಪ್ರಯೋಜನವಾಗಲಿಲ್ಲ.

ಜಿಪಿಎಸ್ ಆಂಟೆನಾಗಳನ್ನು ಅದಲುಬದಲು ಮಾಡಿ ನೋಡಿ ಎಂದವರಿಗೆ ನಾನು ಋಣಿ. ಬದಲಿಸಿದರೂ ದೋಷ ಅದೇ ಕೇಬಲ್‌ಗಳಲ್ಲಿ ಉಳಿಯಿತು. ಕನೆಕ್ಟರ್ ಬಿಚ್ಚಿದಾಗ ಒಳಗೆ ನೀರಿನ ಹನಿ, ತಾಮ್ರಕ್ಕೆ ಹಸಿರು ಕಿಲುಬು! ಉಪಗ್ರಹದ ಸಂಕೇತ ನೆಲ ತಲುಪುವಾಗ ಸುಮಾರು -130 ಡಿಬಿಎಂ (ಸಂಕೇತದ ಬಲದ ಅಳತೆ) ಮಾತ್ರ. ಅಷ್ಟು ಕ್ಷೀಣವಾದುದನ್ನು ತಡೆಯಲು ಈ ತೇವವೇ ಸಾಕು. ಸಮಯ ಹೊಂದಿಸಲು ಜಿಪಿಎಸ್‌ನಿಂದ ಸೆಕೆಂಡಿಗೊಂದು ಬರುವ ಪಲ್ಸ್ ತಪ್ಪಿದರೆ ಒಂದು ಸೆಕ್ಟರ್ (ಒಂದು ದಿಕ್ಕಿಗೆ ಮುಖಮಾಡಿದ ಆಕ್ಸೆಸ್ ಪಾಯಿಂಟ್) ಆಲಿಸುವಾಗ ಪಕ್ಕದ್ದು ಪ್ರಸಾರ ಮಾಡುತ್ತದೆ. ಅಪ್‌ಲೋಡ್ ಮೊದಲು ಕುಸಿಯುತ್ತಿದ್ದುದು ಅದಕ್ಕೇ.

ಹೊಸ ಕೇಬಲ್ ಎಳೆದು, ಕನೆಕ್ಟರ್‌ಗಳಿಗೆ ತಾನಾಗಿ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ, ನೀರು ತೊಟ್ಟಿಕ್ಕಿ ಹೋಗಲು ಕೇಬಲ್‌ಗೆ ಕೆಳಬಾಗು ಬಿಟ್ಟಿದ್ದೇನೆ. ಹಿಂದೆ ನಾನೇ ಸುತ್ತಿದ್ದ ಸಾಮಾನ್ಯ ಇನ್ಸುಲೇಷನ್ ಟೇಪ್ ಮಲೆನಾಡಿನ ಮಳೆಗೆ ತಡೆಯುವುದಿಲ್ಲ; ದಯವಿಟ್ಟು ಯಾರೂ ಅದನ್ನು ನೆಚ್ಚಬೇಡಿ.

ಐದು ದಿನ ಬಿಡದೆ ಮಳೆ ಸುರಿದಿದೆ, ಒಮ್ಮೆಯೂ ಸಿಂಕ್ ತಪ್ಪಿಲ್ಲ. ನಾಲ್ಕನೆಯ ಆಕ್ಸೆಸ್ ಪಾಯಿಂಟ್‌ಗೆ ಮಾತ್ರ ಉಳಿದವಕ್ಕಿಂತ ಕಡಿಮೆ ಉಪಗ್ರಹಗಳು ಸಿಗುತ್ತಿವೆ. ಅದರ ಆಂಟೆನಾದ ನೆತ್ತಿಯ ಮೇಲೆಯೇ ಕಬ್ಬಿಣದ ಪಟ್ಟಿಯಿದೆ. ಮಳೆ ಹೊಳವಾದ ಕೂಡಲೇ ಗೋಪುರ ಹತ್ತಿ ಅದನ್ನು ಸರಿಸುತ್ತೇನೆ.