ಶಾಸಕರ ಪಿಂಚಣಿ, ಯೋಧರ ಪಿಂಚಣಿ: ಈ ಹೋಲಿಕೆ ನ್ಯಾಯವಾದುದೇ?

ಪ್ರಶ್ನೆ: ನಾಲೆ ಬಯಲಿನ ಅಕ್ಕ, ಪಾಂಡವಪುರ

ನಮ್ಮದು ಪಾಂಡವಪುರ ತಾಲ್ಲೂಕಿನಲ್ಲಿ ಕಬ್ಬು, ಭತ್ತ ಬೆಳೆಯುವ ಕುಟುಂಬ. ನನ್ನ ತಮ್ಮ ಬೆಳಗಿನ ಜಾವಕ್ಕೇ ಎದ್ದು ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಓಡಿ ಓಡಿ ಅಭ್ಯಾಸ ಮಾಡಿ, ನಾಲ್ಕು ವರ್ಷಗಳ ಅವಧಿಗೆ ಸೇನೆಗೆ ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆಯ ಮೊದಲ ತಂಡದಲ್ಲೇ ಆಯ್ಕೆಯಾದನು. ಈಗ ಅವನದು ನಾಲ್ಕನೆಯ ವರ್ಷ. ಮೊದಲ ವರ್ಷ ಅವನ ತಿಂಗಳ ಸಂಬಳ 30,000 ರೂಪಾಯಿ. ಅದರಲ್ಲಿ 9,000 ರೂಪಾಯಿ ಸೇವಾ ನಿಧಿಗೆ ಹೋಗಿ ಕೈಗೆ ಬರುತ್ತಿದ್ದುದು 21,000. ಈ ವರ್ಷ 40,000 ಆಗಿದ್ದು, ಕೈಗೆ 28,000 ಬರುತ್ತದೆ. ನಾಲ್ಕು ವರ್ಷ ಮುಗಿದಾಗ, ಅವನು ಕಟ್ಟಿದ್ದು ಮತ್ತು ಅಷ್ಟೇ ಮೊತ್ತವನ್ನು ಸರ್ಕಾರ ಸೇರಿಸಿದ್ದು ಬಡ್ಡಿಸಹಿತ ಸುಮಾರು 11.71 ಲಕ್ಷ ರೂಪಾಯಿ ಆಗುತ್ತದೆ ಮತ್ತು ಅದಕ್ಕೆ ತೆರಿಗೆ ಇಲ್ಲ. ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಮಾತ್ರ ಸೇನೆಯಲ್ಲಿ ಉಳಿಸಿಕೊಳ್ಳುತ್ತಾರೆ. ಉಳಿದವರಿಗೆ ಪಿಂಚಣಿಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ.

2025ರ ಮಾರ್ಚ್‌ನಲ್ಲಿ ನಮ್ಮ ವಿಧಾನಮಂಡಲ ಶಾಸಕರ ಮೂಲ ವೇತನವನ್ನು 40,000ದಿಂದ 80,000ಕ್ಕೂ, ಮಾಜಿ ಶಾಸಕರ ಪಿಂಚಣಿಯನ್ನು 50,000ದಿಂದ 75,000ಕ್ಕೂ ಏರಿಸಿದಾಗ ನಮ್ಮ ತಂದೆಯವರು ಪತ್ರಿಕೆಯನ್ನು ಮಡಚಿಟ್ಟು, ‘ನಾಲ್ಕು ವರ್ಷ ಗಡಿ ಕಾದವನಿಗೆ ಏನೂ ಇಲ್ಲ, ಒಂದು ಸಲ ಗೆದ್ದವರಿಗೆ ಸಾಯುವ ತನಕ ಪಿಂಚಣಿ. ಇದು ಯಾವ ಲೆಕ್ಕವಮ್ಮ?’ ಎಂದು ಕೇಳಿದರು. ಅವರಿಗೆ ಕೊಡಬಹುದಾದ ಉತ್ತರ ನನ್ನ ಬಳಿ ಇರಲಿಲ್ಲ.

ಶಾಸಕರಿಗೆ ಕೊಡುವುದು ರಾಜ್ಯದ ಬೊಕ್ಕಸ, ಸೈನಿಕರಿಗೆ ಕೊಡುವುದು ಕೇಂದ್ರದ ಬೊಕ್ಕಸ ಎಂಬುದು ನನಗೆ ಗೊತ್ತಿದೆ. ಹಾಗಿದ್ದರೂ ಈ ಹೋಲಿಕೆಯನ್ನು ಮಾಡಬಹುದೇ? ಮಾಡುವುದಾದರೆ ಯಾವುದನ್ನು ಯಾವುದರ ಎದುರು ಇಟ್ಟು ನೋಡಬೇಕು? ತಿಳಿದವರು ಕೋಪ ಬದಿಗಿಟ್ಟು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಹವಾಲ್ದಾರ್, ಮೈಸೂರು

ತಂಗಿಯವರೇ, ನಿಮ್ಮ ತಂದೆಯವರು ಕೇಳಿದ ಪ್ರಶ್ನೆ ನಮ್ಮ ಮಾಜಿ ಸೈನಿಕರು ಸೇರಿದಲ್ಲೆಲ್ಲ ಕೇಳಿಬರುತ್ತದೆ. ನಾನು 1994ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೇರಿ 2018ರಲ್ಲಿ ನಿವೃತ್ತನಾದೆ. ಆಗ ನನ್ನ ಮೂಲ ವೇತನ 35,900 ರೂಪಾಯಿ, ಸೇನಾ ಸೇವಾ ವೇತನ 5,200 ರೂಪಾಯಿ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 20,550. ತುಟ್ಟಿಭತ್ಯೆ ಅದರ ಮೇಲೆ. ಮನೆ ಕಟ್ಟುವುದಕ್ಕಾಗಿ ಅರ್ಧ ಪಿಂಚಣಿಯನ್ನು ಕಮ್ಯುಟೇಷನ್ ಮಾಡಿಸಿ ಇಡಿಗಂಟು ಪಡೆದುದರಿಂದ ಹದಿನೈದು ವರ್ಷ ತುಂಬುವವರೆಗೆ ಮೂಲ ಪಿಂಚಣಿಯಲ್ಲಿ ಅರ್ಧವೇ ಕೈಗೆ ಬರುತ್ತದೆ. ಇಪ್ಪತ್ತನಾಲ್ಕು ವರ್ಷಗಳ ಸೇವೆಗೆ ಸಿಕ್ಕಿದ್ದು ಇದು.

ಆದರೆ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಸಂಬಳದ ಚೀಟಿಯಲ್ಲಿ ಕಾಣದ ಅನುಕೂಲಗಳು ನಮಗೂ ಇವೆ. ಸೇವೆಯಲ್ಲಿರುವಾಗ ಊಟ, ಬಟ್ಟೆ, ವಸತಿಯ ಚಿಂತೆ ಇರಲಿಲ್ಲ. ನಿವೃತ್ತಿಯ ನಂತರವೂ ಕ್ಯಾಂಟೀನ್ ಕಾರ್ಡ್ ಇದೆ, ನನಗೂ ಮನೆಯವಳಿಗೂ ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಚಿಕಿತ್ಸೆ ಇದೆ. ನಿಮ್ಮ ತಮ್ಮನಿಗೂ ಸೇವಾವಧಿಯಲ್ಲಿ 48 ಲಕ್ಷ ರೂಪಾಯಿಯ ಜೀವ ವಿಮೆ ಇದೆ, ಅದಕ್ಕೆ ಅವನು ಕಂತು ಕಟ್ಟಬೇಕಾಗಿಲ್ಲ. ಆದ್ದರಿಂದ ಸಂಬಳಕ್ಕೆ ಸಂಬಳ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ನಿಜವಾಗಿ ಹೋಲಿಸಬೇಕಾದುದು ಪಿಂಚಣಿಯ ಹಿಂದಿನ ಕಾರಣವನ್ನು. ಸೇನೆಗೆ ಸದಾ ಹರೆಯದವರು ಬೇಕು. ಅದಕ್ಕಾಗಿಯೇ ಬೇರೆ ನೌಕರರು ಅರವತ್ತರವರೆಗೆ ದುಡಿಯುವಾಗ ನಮ್ಮನ್ನು ನಲವತ್ತರ ಆಸುಪಾಸಿನಲ್ಲಿ ಮನೆಗೆ ಕಳುಹಿಸುತ್ತಾರೆ. ಮಕ್ಕಳು ಹೈಸ್ಕೂಲಿನಲ್ಲಿರುವ ಹೊತ್ತಿಗೆ ಸಂಬಳ ನಿಲ್ಲುತ್ತದೆ. ನಾನು ನಲವತ್ತಮೂರನೆಯ ವಯಸ್ಸಿನಲ್ಲಿ ಒಂದು ವಸತಿ ಸಮುಚ್ಚಯದ ಗೇಟಿನಲ್ಲಿ ಕಾವಲಿಗೆ ನಿಂತಾಗ, ಕೈಯಲ್ಲಿದ್ದ ಪಿಂಚಣಿ ದಾನವಲ್ಲ, ದೇಶವೇ ಮೊಟಕುಗೊಳಿಸಿದ ನನ್ನ ದುಡಿಮೆಯ ಕಾಲಕ್ಕೆ ಪರಿಹಾರ ಎಂಬುದು ಚೆನ್ನಾಗಿ ಅರ್ಥವಾಯಿತು. ಜವಾನನಿಗೆ ಆ ಪರಿಹಾರ ದೊರೆಯಲು ಕನಿಷ್ಠ ಹದಿನೈದು ವರ್ಷ ಸೇವೆ ಆಗಿರಬೇಕು. ಶಾಸಕರಾಗಲಿ ಸಂಸದರಾಗಲಿ ಆ ಸ್ಥಾನ ಹೋದ ಮರುದಿನ ತಮ್ಮ ವಕೀಲಿಗೋ ವ್ಯಾಪಾರಕ್ಕೋ ತೋಟಕ್ಕೋ ಮರಳಬಹುದು. ಮತ್ತೆ ಚುನಾವಣೆಗೂ ನಿಲ್ಲಬಹುದು. ಅವರ ದುಡಿಮೆಯ ವಯಸ್ಸನ್ನು ಯಾವ ನಿಯಮವೂ ಮೊಟಕುಗೊಳಿಸಿಲ್ಲ.

ಇನ್ನೊಂದು ವಿಷಯ. ‘ಒಂದು ಶ್ರೇಣಿ, ಒಂದು ಪಿಂಚಣಿ’ಗಾಗಿ, ಅಂದರೆ ಯಾವಾಗ ನಿವೃತ್ತರಾಗಿದ್ದರೂ ಒಂದೇ ಶ್ರೇಣಿ, ಒಂದೇ ಸೇವಾವಧಿಯವರಿಗೆ ಒಂದೇ ಪಿಂಚಣಿ ಸಿಗಲೆಂದು, ನಮ್ಮ ಹಿರಿಯರು ದಶಕಗಳ ಕಾಲ ಕಾದರು, 2015ರಲ್ಲಿ ಇಳಿವಯಸ್ಸಿನ ಮಾಜಿ ಸೈನಿಕರು ದೆಹಲಿಯ ಜಂತರ್ ಮಂತರ್‌ನಲ್ಲಿ ತಿಂಗಳುಗಟ್ಟಲೆ ಕುಳಿತರು. ಆ ವರ್ಷದ ನವೆಂಬರ್‌ನಲ್ಲಿ ಆದೇಶವಾಗಿ, 2014ರ ಜುಲೈ 1ರಿಂದ ಜಾರಿಗೆ ಬಂತು. ಸೇವೆಯಲ್ಲಿರುವ ಯೋಧ ಹೀಗೆ ಕೂರುವಂತಿಲ್ಲ, ಸಂಘ ಕಟ್ಟುವಂತಿಲ್ಲ, ಪತ್ರಿಕೆಗೆ ಹೇಳಿಕೆ ಕೊಡುವಂತಿಲ್ಲ. ಅದು ಇರಬೇಕಾದ ಶಿಸ್ತು, ನಾನು ಅದನ್ನು ಪ್ರಶ್ನಿಸುವುದಿಲ್ಲ. ಆದರೆ ಬಾಯಿ ಬಿಡದಿರುವ ಕರ್ತವ್ಯ ಒಬ್ಬನಿಗಿದ್ದರೆ, ಅವನ ಪರವಾಗಿ ಮಾತನಾಡುವ ಕರ್ತವ್ಯ ಮತ್ತೊಬ್ಬರಿಗೆ ಇರಬೇಕಲ್ಲವೇ?

ಉತ್ತರ 2: ಮಾಜಿ ಗ್ರಾಮ ಪಂಚಾಯಿತಿ ಸದಸ್ಯ, ಮದ್ದೂರು ತಾಲ್ಲೂಕು

ಹವಾಲ್ದಾರರ ಮಾತಿಗೆ ತಲೆಬಾಗುತ್ತೇನೆ. ಆದರೂ ಶಾಸಕರ ವೇತನ ಏರಿದ್ದೇ ಅನ್ಯಾಯ ಎಂಬ ಮಾತನ್ನು ನಾನು ಒಪ್ಪಲಾರೆ.

ವಿಧಾನಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದ ಒಬ್ಬ ಅಭ್ಯರ್ಥಿ ಕಾನೂನುಬದ್ಧವಾಗಿ 40 ಲಕ್ಷ ರೂಪಾಯಿಯವರೆಗೆ ಖರ್ಚು ಮಾಡಬಹುದು. ತಿಂಗಳಿಗೆ 40,000ದಂತೆ ಐದು ವರ್ಷಗಳ ಮೂಲ ವೇತನ 24 ಲಕ್ಷವಾಗುತ್ತಿತ್ತು. ಅಂದರೆ ಕಾನೂನು ಒಪ್ಪಿದ ಖರ್ಚೇ ಕಾನೂನು ಒಪ್ಪಿದ ಮೂಲ ವೇತನಕ್ಕಿಂತ ಹೆಚ್ಚಾಗಿತ್ತು. ಈಗ 80,000ದಂತೆ ಅದು 48 ಲಕ್ಷವಾಗುತ್ತದೆ. ಭತ್ಯೆಗಳು ಬೇರೆ ಇವೆ, ನಿಜ. ಆದರೆ ಅವು ಓಡಾಟಕ್ಕೆ, ಕಚೇರಿಗೆ ಎಂದು ಕೊಡುವ ಹಣ. ನಮ್ಮ ಕಡೆ ಶಾಸಕರ ಮನೆಯ ಮುಂದೆ ಬೆಳಗಾಗುವ ಮೊದಲೇ ಜನ ನಿಂತಿರುತ್ತಾರೆ. ಆಸ್ಪತ್ರೆಯ ಬಿಲ್ಲು, ಮಕ್ಕಳ ಶಾಲೆಯ ಶುಲ್ಕ, ಮದುವೆಯ ಮುಯ್ಯಿ, ತಿಥಿಯ ಖರ್ಚು, ಊರ ಹಬ್ಬದ ಚಂದಾ ಎಲ್ಲವನ್ನೂ ನಾವೇ ಕೇಳುತ್ತೇವೆ. ನಾನು ಪಂಚಾಯಿತಿ ಸದಸ್ಯನಾಗಿದ್ದಾಗ ಬರುತ್ತಿದ್ದ ಗೌರವಧನ ಬೈಕಿನ ಪೆಟ್ರೋಲಿಗೂ ಸಾಲುತ್ತಿರಲಿಲ್ಲ. ಎರಡನೆಯ ಸಲ ನಿಲ್ಲಲು ನನ್ನಿಂದಾಗಲಿಲ್ಲ. ನನ್ನ ಜಾಗಕ್ಕೆ ಹಣವುಳ್ಳವರು ಬಂದರು. ವೇತನ ಕಡಿಮೆಯಾದಷ್ಟೂ ರಾಜಕೀಯ ಉಳ್ಳವರ ಪಾಲಾಗುತ್ತದೆ, ಸಾಮಾನ್ಯ ರೈತನ ಮಗ ಹೊರಗುಳಿಯುತ್ತಾನೆ.

ಪಿಂಚಣಿಯ ವಿಷಯದಲ್ಲಿ ಮಾತ್ರ ನನ್ನ ಬಳಿ ವಾದವಿಲ್ಲ. ಅಧಿಕಾರದಲ್ಲಿರುವವರೆಗೆ ಕೆಲಸಕ್ಕೆ ತಕ್ಕ ವೇತನ ಕೊಡೋಣ. ಜೀವನಪರ್ಯಂತದ 75,000ಕ್ಕೆ ಹವಾಲ್ದಾರರು ಹೇಳಿದಂಥ ಕಾರಣ ನನಗೂ ಕಾಣುತ್ತಿಲ್ಲ. ಬೇರೆ ಆದಾಯವೇ ಇಲ್ಲದ ಮಾಜಿ ಶಾಸಕರಿಗೆ ಕೊಡುವುದಾದರೆ ನನ್ನ ಆಕ್ಷೇಪವಿಲ್ಲ. ಅಂಥ ಹಿರಿಯರನ್ನು ನಾನು ನೋಡಿದ್ದೇನೆ.

ಉತ್ತರ 3: ಅರೆಸೇನಾ ಯೋಧರ ಪತ್ನಿ, ಕೆ.ಆರ್. ಪೇಟೆ

ಒಂದು ತಿದ್ದುಪಡಿ ಮಾತ್ರ. ಯೋಧರು ಎಂದೊಡನೆ ಎಲ್ಲರೂ ಸೇನೆಯ ಮಾತನ್ನಷ್ಟೇ ಆಡುತ್ತಾರೆ. 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಮಡಿದ ನಲವತ್ತು ಮಂದಿ ಸೇನೆಯವರಲ್ಲ, ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಒಂದಾದ ಸಿಆರ್‌ಪಿಎಫ್‌ನವರು. ಅವರಲ್ಲಿ ಒಬ್ಬರು ನಮ್ಮ ಮಂಡ್ಯ ಜಿಲ್ಲೆಯ ಮಗ. ಅಂದು ಇಡೀ ಜಿಲ್ಲೆ ಕಣ್ಣೀರಿಟ್ಟಿತು. ಆದರೆ 2004ರ ಜನವರಿ 1ರಿಂದ ಈಚೆಗೆ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಿಗೆ ಸೇರಿದವರಿಗೆ ಸೈನಿಕರಿಗಿರುವ ಹಳೆಯ ಪಿಂಚಣಿ ಇಲ್ಲ, ಸಂಬಳದಿಂದ ವಂತಿಗೆ ಕಟ್ಟುವ ವ್ಯವಸ್ಥೆ ಇದೆ. 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಹಳೆಯ ಪಿಂಚಣಿ ಕೊಡಬೇಕೆಂದು ತೀರ್ಪು ನೀಡಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಹೋಲಿಕೆ ಮಾಡುವಾಗ ದಯವಿಟ್ಟು ನಮ್ಮ ಮನೆಯವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಉತ್ತರ 4: ಕಾನೂನು ಉಪನ್ಯಾಸಕ, ಮೈಸೂರು

ಮೊತ್ತದ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ನನ್ನ ದೃಷ್ಟಿಯಲ್ಲಿ ಅನ್ಯಾಯ ಇರುವುದು ಮೊತ್ತಕ್ಕಿಂತ ಹೆಚ್ಚಾಗಿ ಅದನ್ನು ನಿಗದಿಪಡಿಸುವ ವಿಧಾನದಲ್ಲಿ.

ಸಂವಿಧಾನದ 106ನೆಯ ವಿಧಿ ಸಂಸದರ ವೇತನವನ್ನು ಸಂಸತ್ತೇ, 195ನೆಯ ವಿಧಿ ಶಾಸಕರ ವೇತನವನ್ನು ರಾಜ್ಯ ವಿಧಾನಮಂಡಲವೇ ಕಾನೂನಿನ ಮೂಲಕ ನಿಗದಿಪಡಿಸಬೇಕೆಂದು ಹೇಳುತ್ತವೆ. 33ನೆಯ ವಿಧಿಯಾದರೋ ಸಶಸ್ತ್ರ ಪಡೆಗಳವರ ಮೂಲಭೂತ ಹಕ್ಕುಗಳನ್ನು ಎಷ್ಟರ ಮಟ್ಟಿಗೆ ಮಿತಿಗೊಳಿಸಬಹುದೆಂದು ತೀರ್ಮಾನಿಸುವ ಅಧಿಕಾರವನ್ನು ಅದೇ ಸಂಸತ್ತಿಗೆ ಕೊಡುತ್ತದೆ. ತನ್ನ ವೇತನವನ್ನು ತಾನೇ ಬರೆದುಕೊಳ್ಳುವ ಕೈಯೇ, ಕೇಳುವ ಹಕ್ಕಿಲ್ಲದವನ ವೇತನವನ್ನೂ ತೀರ್ಮಾನಿಸುವ ಸ್ಥಾನದಲ್ಲಿದೆ. ಇದು ಸಂವಿಧಾನವೇ ಒಪ್ಪಿಸಿದ ಹೊಣೆ; ಆದ್ದರಿಂದಲೇ ಅದನ್ನು ಬಳಸುವಾಗ ಹೆಚ್ಚಿನ ಸಂಕೋಚ ಇರಬೇಕಿತ್ತು.

ಸೈನಿಕರ ವೇತನ ಕೇಂದ್ರ ವೇತನ ಆಯೋಗದ ಮುಂದೆ ಹೋಗುತ್ತದೆ. ಏಳನೆಯ ಆಯೋಗದ ಶಿಫಾರಸು 2016ರ ಜನವರಿಯಿಂದ ಜಾರಿಗೆ ಬಂದು ಇಂದಿಗೂ ಅದೇ ಪಟ್ಟಿಯನ್ನು ಆಧರಿಸುತ್ತೇವೆ. ನಮ್ಮ ರಾಜ್ಯದ ನೌಕರರ ಏಳನೆಯ ವೇತನ ಆಯೋಗ 2022ರ ನವೆಂಬರ್‌ನಲ್ಲಿ ರಚನೆಯಾಯಿತು, 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು, ಆಗಸ್ಟ್ 1ರಿಂದ ಜಾರಿಯಾಯಿತು. ಇದರ ಎದುರಿಗೆ 2025ರ ಮಾರ್ಚ್ 21ನ್ನು ಇಟ್ಟು ನೋಡಿ. ಅಂದು ವಿಧಾನಸಭೆಯಲ್ಲಿ ಬೇರೊಂದು ವಿಷಯದ ಗದ್ದಲ ನಡೆಯುತ್ತಿರುವಾಗಲೇ ಸಚಿವರ ಮತ್ತು ಶಾಸಕರ ವೇತನ ಮಸೂದೆಗಳು ಚರ್ಚೆಯಿಲ್ಲದೆ ಅಂಗೀಕಾರವಾದವು. ಹಣದ ದೃಷ್ಟಿಯಿಂದ ಇದು ದೊಡ್ಡದಲ್ಲ: 224 ವಿಧಾನಸಭಾ ಸದಸ್ಯರು, 75 ಪರಿಷತ್ ಸದಸ್ಯರು, ಒಬ್ಬೊಬ್ಬರಿಗೆ ತಿಂಗಳಿಗೆ 40,000ದಂತೆ ಮೂಲ ವೇತನದ ಹೆಚ್ಚಳವೆಂದರೆ ವರ್ಷಕ್ಕೆ ಸುಮಾರು 14.35 ಕೋಟಿ, ಆ ವರ್ಷದ ಬಜೆಟ್ ಗಾತ್ರ 4 ಲಕ್ಷ ಕೋಟಿಗೂ ಮೀರಿದ್ದು. ಮದ್ದೂರಿನವರು ಮಂಡಿಸಿದಂಥ ಗಟ್ಟಿ ವಾದ ಇರುವಾಗ ಅದನ್ನು ಸದನದಲ್ಲಿ ಎದ್ದುನಿಂತು ಹೇಳಲು ಯಾರಿಗೂ ಅಡ್ಡಿ ಇರಲಿಲ್ಲ. ಯಾರೂ ಹೇಳಲಿಲ್ಲ ಎಂಬುದೇ ನನಗೆ ನೋವಿನ ವಿಷಯ.

ಸಂಸದರಿಗೆ 2018ರ ಹಣಕಾಸು ಕಾಯ್ದೆಯು ಐದು ವರ್ಷಕ್ಕೊಮ್ಮೆ ಬೆಲೆಯೇರಿಕೆಯ ಸೂಚ್ಯಂಕಕ್ಕೆ ಅನುಗುಣವಾಗಿ ವೇತನ ಏರುವಂತೆ ಮಾಡಿದೆ. ಅದರಂತೆ ವೇತನ 1,24,000, ಪಿಂಚಣಿ 31,000, ಐದು ವರ್ಷ ಮೀರಿದ ಪ್ರತಿ ವರ್ಷಕ್ಕೆ 2,500 ಹೆಚ್ಚುವರಿ. ಇದು ನಮ್ಮ ವಿಧಾನಕ್ಕಿಂತ ಉತ್ತಮ, ಏಕೆಂದರೆ ಏರಿಕೆಗೆ ಒಂದು ಅಳತೆಗೋಲು ಇದೆ. ಬ್ರಿಟನ್ನಿನಲ್ಲಿ 2011ರಿಂದ ಸಂಸದರ ವೇತನವನ್ನು ಸ್ವತಂತ್ರ ಸಂಸ್ಥೆಯೊಂದು ನಿಗದಿಪಡಿಸುತ್ತದೆ. ಪಂಜಾಬ್ 2022ರಲ್ಲಿ, ಎಷ್ಟು ಬಾರಿ ಗೆದ್ದಿದ್ದರೂ ಮಾಜಿ ಶಾಸಕರಿಗೆ ಒಂದೇ ಪಿಂಚಣಿ ಎಂಬ ಕಾನೂನು ಮಾಡಿತು. ನ್ಯಾಯಾಲಯಕ್ಕೆ ಹೋಗಿ ಪ್ರಯೋಜನವಿಲ್ಲ. ಮಾಜಿ ಸಂಸದರ ಪಿಂಚಣಿ ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2018ರ ಏಪ್ರಿಲ್‌ನಲ್ಲಿ ವಜಾ ಮಾಡಿದೆ. ಉಳಿದಿರುವ ದಾರಿ ಶಾಸನಸಭೆಯದೇ. ವಿಧಾನಸಭೆಗೆ ಅರ್ಜಿಗಳ ಸಮಿತಿ ಇದೆ. ನಾಗರಿಕರು ಅಲ್ಲಿಗೆ ಬರೆಯಬಹುದು.

ಮರುಉತ್ತರ: ನಾಲೆ ಬಯಲಿನ ಅಕ್ಕ, ಪಾಂಡವಪುರ

ಎಲ್ಲರಿಗೂ ಕೃತಜ್ಞತೆಗಳು. ಉತ್ತರಗಳನ್ನು ನಿನ್ನೆ ರಾತ್ರಿ ತಂದೆಯವರಿಗೆ ಓದಿ ಹೇಳಿದೆ. ಮದ್ದೂರಿನ ಅಣ್ಣನವರು ಹೇಳಿದ ಮುಯ್ಯಿ, ಚಂದಾಗಳ ಮಾತಿಗೆ ಅವರು ಹೌದೆಂದರು. ಕಳೆದ ಊರ ಹಬ್ಬಕ್ಕೆ ಶಾಸಕರ ಬಳಿ ಚಂದಾ ಕೇಳಲು ಹೋದವರಲ್ಲಿ ಅವರೂ ಒಬ್ಬರು.

ಅರ್ಜಿಗಳ ಸಮಿತಿಗೆ ಒಂದು ಪುಟದ ಕರಡು ಬರೆದಿದ್ದೇನೆ. ಶಾಸಕರ ವೇತನ ಕಡಿತ ಮಾಡಬೇಕೆಂದು ಅದರಲ್ಲಿ ಕೇಳಿಲ್ಲ. ವೇತನ, ಪಿಂಚಣಿಯ ಮುಂದಿನ ಯಾವುದೇ ಮಸೂದೆ ಸ್ವತಂತ್ರ ಸಮಿತಿಯ ವರದಿಯೊಂದಿಗೆ ಬರಬೇಕು, ಸದನದಲ್ಲಿ ಕನಿಷ್ಠ ಒಂದು ದಿನ ಚರ್ಚೆಯಾಗಬೇಕು, ಮಾಜಿ ಶಾಸಕರ ಪಿಂಚಣಿಗೆ ಆದಾಯದ ಮಿತಿ ಇರಬೇಕು ಎಂದು ಕೇಳಿದ್ದೇನೆ. ಅಗ್ನಿವೀರರ ಮತ್ತು ಅರೆಸೇನಾ ಯೋಧರ ವಿಷಯ ಕೇಂದ್ರಕ್ಕೆ ಸೇರಿದ್ದಾದ್ದರಿಂದ ಅದನ್ನು ನಮ್ಮ ಸಂಸದರಿಗೆ ಬೇರೆಯಾಗಿ ಬರೆಯುತ್ತೇನೆ, ಕೆ.ಆರ್. ಪೇಟೆಯ ಸಹೋದರಿಯವರು ಅದನ್ನು ಒಮ್ಮೆ ನೋಡಿಕೊಡಬೇಕು. ತಂದೆಯವರು ಎರಡಕ್ಕೂ ಮೊದಲ ಸಹಿ ಹಾಕಿದ್ದಾರೆ. ತಮ್ಮನಿಗೆ ಇದನ್ನು ತಿಳಿಸಿಲ್ಲ, ಸೇವೆಯಲ್ಲಿರುವ ಅವನ ಹೆಸರು ಎಲ್ಲಿಯೂ ಬರಬಾರದೆಂದು ನಾವೇ ತೀರ್ಮಾನಿಸಿದ್ದೇವೆ.