ದಿನಕ್ಕೆ ಮೂರು ಪೋಸ್ಟ್ ಬೇಕೇ? ಸಣ್ಣ ಉದ್ದಿಮೆದಾರರ ಬಳಗದಲ್ಲೊಂದು ಪ್ರಶ್ನೋತ್ತರ

ನಿರ್ವಾಹಕರು: ಬಳಗದ ಎಲ್ಲರಿಗೂ ನಮಸ್ಕಾರ. ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಬರಹ ಮತ್ತು ವಿಡಿಯೊಗಳನ್ನು ರೂಪಿಸಿಕೊಡುವ ಸಲಹೆಗಾರ್ತಿಯೊಬ್ಬರು ಇಂದು ಸಂಜೆಯವರೆಗೆ ನಮ್ಮೊಂದಿಗಿರುತ್ತಾರೆ. ಏನು ಮಾರುತ್ತೀರಿ, ಯಾವ ಊರು ಎಂಬುದನ್ನು ಹೆಸರಿನ ಜಾಗದಲ್ಲಿ ಬರೆದು, ಪ್ರಶ್ನೆಯನ್ನು ಒಂದೇ ಸಂದೇಶದಲ್ಲಿ ಕೇಳಿ. ಫಾರ್ವರ್ಡ್‌ಗಳು ಬೇಡ.

ಚಟ್ನಿಪುಡಿ, ದಾವಣಗೆರೆ: ನಮಸ್ಕಾರ ಮೇಡಂ. ಶೇಂಗಾ, ಗುರೆಳ್ಳು ಮತ್ತು ಅಗಸಿ ಚಟ್ನಿಪುಡಿಗಳನ್ನು ಮನೆಯಲ್ಲೇ ಮಾಡಿ ಮಾರುತ್ತೇನೆ. ದಿನಕ್ಕೆ ಮೂರು ಪೋಸ್ಟ್ ಹಾಕದಿದ್ದರೆ ಇನ್‌ಸ್ಟಾಗ್ರಾಮ್ ನಮ್ಮ ಪುಟವನ್ನು ಮೂಲೆಗೆ ತಳ್ಳುತ್ತದೆ ಎಂದು ತರಬೇತಿಯೊಂದರಲ್ಲಿ ಹೇಳಿದ್ದರು. ಮೂರು ತಿಂಗಳಿಂದ ಹಾಗೆಯೇ ಮಾಡುತ್ತಿದ್ದೇನೆ. ಪುಡಿ ಕುಟ್ಟುವುದಕ್ಕಿಂತ ಪೋಸ್ಟ್ ಮಾಡುವುದಕ್ಕೇ ಹೆಚ್ಚು ಹೊತ್ತು ಹೋಗುತ್ತಿದೆ. ನಿಜಕ್ಕೂ ಎಷ್ಟು ಹಾಕಬೇಕು?

ಸಲಹೆಗಾರ್ತಿ: ವಾರಕ್ಕೆ ಒಂದು ಸಾಕು. ಆದರೆ ಅದು ನಿಮ್ಮ ಅಡುಗೆಮನೆಯಿಂದಲ್ಲದೆ ಬೇರೆಲ್ಲಿಂದಲೂ ಬರಲಾರದಂಥದ್ದಾಗಿರಬೇಕು. ಗುರೆಳ್ಳು ಹುರಿಯುವಾಗ ಯಾವ ಗಳಿಗೆಯಲ್ಲಿ ಬಾಣಲೆ ಇಳಿಸದಿದ್ದರೆ ಪುಡಿ ಕಹಿಯಾಗುತ್ತದೆ ಎಂಬುದು ನಿಮ್ಮ ಕೈಗೆ ಗೊತ್ತಿದೆ. ಆ ಒಂದು ನಿಮಿಷವನ್ನು ಚಟಪಟ ಶಬ್ದದ ಸಮೇತ ತೋರಿಸಿ, ಹಿನ್ನೆಲೆಗೆ ಹಾಡು ಹಾಕಬೇಡಿ. ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಂ ಮೊಸ್ಸೆರಿ 2025ರ ಜನವರಿಯಲ್ಲಿ ಹೇಳಿದ ಪ್ರಕಾರ, ಒಂದು ಪೋಸ್ಟ್ ಎಷ್ಟು ದೂರ ಹೋಗಬೇಕೆಂಬುದನ್ನು ಮುಖ್ಯವಾಗಿ ನಿರ್ಧರಿಸುವವು ಮೂರು: ಜನ ಅದನ್ನು ಎಷ್ಟು ಹೊತ್ತು ನೋಡಿದರು, ಎಷ್ಟು ಮಂದಿ ಮೆಚ್ಚಿದರು, ಎಷ್ಟು ಮಂದಿ ಇನ್ನೊಬ್ಬರಿಗೆ ಕಳುಹಿಸಿದರು. ಮಗಳಿಗೆ ಅಮ್ಮ ಕಳುಹಿಸುವಂಥ ಒಂದು ವಿಡಿಯೊ ಮಾಡಿದರೆ ಆ ವಾರದ ಕೆಲಸ ಮುಗಿಯಿತು. ಹಾಗೆಯೇ ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆ ಇದೆಯೇ ನೋಡಿಕೊಳ್ಳಿ; ನೀವು ಹಾಕಿರುವ ಚಿತ್ರದಲ್ಲಿ ಅದು ಕಾಣಲಿಲ್ಲ.

ಹೋಮ್‌ಸ್ಟೇ, ಸಕಲೇಶಪುರ: ಮೇಡಂ, ಗೂಗಲ್ ನಕ್ಷೆಯಲ್ಲಿರುವ ನಮ್ಮ ಪುಟದಲ್ಲಿ ದಿನವೂ ಚಿತ್ರ ಹಾಕಬೇಕೇ, ಅಥವಾ ಅತಿಥಿಗಳ ಅಭಿಪ್ರಾಯಗಳಿಗೆ ವಿವರವಾಗಿ ಉತ್ತರಿಸಿದರೆ ಸಾಕೇ?

ಇಳಕಲ್ ಸೀರೆ, ಬಾಗಲಕೋಟೆ ಜಿಲ್ಲೆ: ಅಕ್ಕಾವರೇ, ನಮ್ಮ ಮನೆಯಲ್ಲಿ ಎರಡು ಕೈಮಗ್ಗಗಳಿವೆ. ಅಪ್ಪ ನೇಯುತ್ತಾರೆ, ಪುಟವನ್ನು ನಾನು ನೋಡಿಕೊಳ್ಳುತ್ತೇನೆ. 14 ತಿಂಗಳಿಂದ ದಿನಕ್ಕೆ ಮೂರರಂತೆ 1,200ಕ್ಕೂ ಹೆಚ್ಚು ಪೋಸ್ಟ್ ಹಾಕಿದ್ದೇನೆ. ಹಿಂಬಾಲಕರು 41 ಸಾವಿರ ಇದ್ದಾರೆ. ಕಳೆದ ತಿಂಗಳು ಪುಟದಿಂದ ಮಾರಾಟವಾದದ್ದು ಎರಡೇ ಸೀರೆ, ಆ ಎರಡೂ ‘ಚಿತ್ರದಲ್ಲಿದ್ದ ಸೀರೆ ಇದಲ್ಲ’ ಎಂದು ಹಿಂದಿರುಗಿದವು. ಒಂದು ಸೀರೆ ಮಗ್ಗದಿಂದ ಇಳಿಯಲು ದಿನಗಟ್ಟಲೆ ಬೇಕು. ದಿನವೂ ಮೂರು ಚಿತ್ರ ಎಲ್ಲಿಂದ ತರಲಿ? ಆದ್ದರಿಂದ ಸಗಟು ವ್ಯಾಪಾರಿಯೊಬ್ಬರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುವ ಚಿತ್ರಗಳನ್ನು ಬಳಸುತ್ತಿದ್ದೇನೆ. ಪೋಸ್ಟ್‌ಗಳನ್ನು ಐದಕ್ಕೆ ಏರಿಸಿದರೆ ಪ್ರಯೋಜನವಾದೀತೇ?

ಸಲಹೆಗಾರ್ತಿ: ತಂಗಿ, ಐದಕ್ಕೆ ಏರಿಸುವ ಮಾತನ್ನು ಇಲ್ಲಿಗೇ ಬಿಡು. ನಿನ್ನ ಪುಟವನ್ನು ಈಗ ಅರ್ಧ ಗಂಟೆ ನೋಡಿದೆ, ಮನಸ್ಸಿಗೆ ಕಳವಳವಾಯಿತು, ಆದ್ದರಿಂದ ಉದ್ದವಾಗಿಯೇ ಬರೆಯುತ್ತೇನೆ.

ಮೊನ್ನೆ ಹಾಕಿರುವ ಹಸಿರು ಸೀರೆಯ ಚಿತ್ರವನ್ನು ದೊಡ್ಡದು ಮಾಡಿ ನೋಡು. ಸೆರಗು ಒಡಲಿಗೆ ಸೇರುವ ಜಾಗದಲ್ಲಿ ಏನೂ ಇಲ್ಲ. ಬಣ್ಣ ಬದಲಾಗುತ್ತದೆ, ಅಷ್ಟೇ. ಒಡಲಿನ ಹಾಸಿನ, ಅಂದರೆ ಉದ್ದಕ್ಕೆ ಹಿಡಿದ ನೂಲುಗಳ, ಜೊತೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವುದೇ ಇಳಕಲ್ ಸೀರೆಯ ಗುರುತು ಎಂಬುದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಆ ಕೂಡಿಕೆ ಈ ಚಿತ್ರದಲ್ಲಿ ಇಲ್ಲ. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆ ವಿನ್ಯಾಸಗಳೇನೋ ಇವೆ, ಆದರೆ ಅವು ಅಚ್ಚು ಹೊಡೆದಂತೆ ಒಂದರ ಪಕ್ಕ ಒಂದು ನಿಂತಿವೆ. ನನ್ನ ಕಣ್ಣಿಗೆ ಇದು ವಿದ್ಯುತ್ ಮಗ್ಗದ ಬಟ್ಟೆ, ಅದರ ಕೆಳಗೆ ನೀನು ‘ನಮ್ಮ ಮನೆಯ ಕೈಮಗ್ಗದ ಸೀರೆ’ ಎಂದು ಬರೆದಿದ್ದೀಯೆ. ನಿನ್ನ ಅಪ್ಪ ನೇಯ್ದ ಅಸಲಿ ಸೀರೆಯನ್ನೇ ಗ್ರಾಹಕರು ‘ಚಿತ್ರದಂತಿಲ್ಲ’ ಎಂದು ಹಿಂದಿರುಗಿಸಿದ್ದಾರೆ, ಅಂದರೆ ನೀನೇ 14 ತಿಂಗಳು ಕುಳಿತು ನಿನ್ನ ಗ್ರಾಹಕರಿಗೆ ನಕಲಿಯೇ ಸರಿಯಾದ ಮಾದರಿಯೆಂದು ಕಲಿಸಿದ್ದೀಯೆ. ಮಾರಾಟ ಕುಸಿದದ್ದಕ್ಕಿಂತ ನನ್ನನ್ನು ಕಾಡುತ್ತಿರುವುದು ಇದು.

ಇದರಲ್ಲಿ ಕಾನೂನಿನ ತೊಡಕೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಅಧಿಕಾರವಿದೆ. ಎರಡು ಮಗ್ಗದ ಮನೆಗೆ ಅಷ್ಟು ದಂಡ ಬೀಳುತ್ತದೆಂದು ಹೆದರಿಸುತ್ತಿಲ್ಲ, ಆದರೆ ಬೇರೆಯವರ ಚಿತ್ರವನ್ನು ನಮ್ಮ ಮಾಲೆಂದು ತೋರಿಸುವುದನ್ನು ‘ಎಲ್ಲರೂ ಮಾಡುತ್ತಾರೆ’ ಎಂದು ಸಮರ್ಥಿಸಿಕೊಳ್ಳಲು ಬರುವುದಿಲ್ಲ. ಅದರ ಮೇಲೆ, ಇನ್‌ಸ್ಟಾಗ್ರಾಮ್ 2024ರಲ್ಲಿ ಮಾಡಿದ ಬದಲಾವಣೆಯ ಪ್ರಕಾರ, ಪರರದನ್ನು ಮತ್ತೆ ಮತ್ತೆ ಎತ್ತಿ ಹಾಕುವ ಪುಟಗಳನ್ನು ಹೊಸಬರಿಗೆ ಶಿಫಾರಸು ಮಾಡುವುದನ್ನೇ ಅದು ನಿಲ್ಲಿಸುತ್ತದೆ. ಆ ಹಸಿರು ಸೀರೆಯ ಚಿತ್ರ ಇನ್ನೂ ಎಷ್ಟು ಅಂಗಡಿಗಳ ಪುಟದಲ್ಲಿದೆಯೋ ಯಾರಿಗೆ ಗೊತ್ತು.

ಈಗ ಮಾಡಬೇಕಾದದ್ದು ಹೇಳುತ್ತೇನೆ. ಒಂದು ತಿಂಗಳು ಒಂದೇ ಸೀರೆಯನ್ನು ಹಿಡಿದುಕೋ. ಹಾಸು ಹೂಡುವುದರಿಂದ ಹಿಡಿದು ಮಡಿಕೆ ಹಾಕುವವರೆಗೆ ಅದರ ಕತೆಯನ್ನು ನಾಲ್ಕು ಕಂತುಗಳಲ್ಲಿ ಹೇಳು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ಅಪ್ಪನ ಕೈಗಳು ಕೊಂಡಿ ಹಾಕುವುದನ್ನು, ಕಿಟಕಿಯ ಬೆಳಕಿನಲ್ಲಿ, ಮೊಬೈಲನ್ನು ಕದಲಿಸದೆ 90 ಸೆಕೆಂಡು ಹಿಡಿ. ಮೊದಲ ಮೂರು ಸೆಕೆಂಡುಗಳಲ್ಲೇ ಬೆರಳು ಕಾಣಲಿ, ಅಂಗಡಿಯ ಲಾಂಛನವಲ್ಲ. ಎಷ್ಟು ಕೊಂಡಿಗಳಿವೆ, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಅಪ್ಪನನ್ನೇ ಕೇಳಿ ಅವರ ಮಾತಿನಲ್ಲೇ ಹಾಕು. ಎರಡನೆಯದಾಗಿ, ‘ಕೈಮಗ್ಗದ ಇಳಕಲ್ ಸೀರೆಯನ್ನು ಗುರುತಿಸುವುದು ಹೇಗೆ’ ಎಂಬ ಒಂದು ಪೋಸ್ಟ್ ಮಾಡಿ, ಕೂಡಿಕೆಯ ಮುಂಬದಿ ಮತ್ತು ಹಿಂಬದಿಯನ್ನು ತೋರಿಸಿ, ಅದನ್ನು ಪುಟದ ತಲೆಯಲ್ಲೇ ಕೂರಿಸು. ಸೀರೆ ಕೊಳ್ಳುವವರು ಹುಡುಕುವುದು ಆ ಪ್ರಶ್ನೆಯನ್ನೇ, ಉತ್ತರ ಹೇಳುವ ಹಕ್ಕು ನಿನ್ನಷ್ಟು ಬೇರೆಯವರಿಗಿಲ್ಲ. ಪ್ರತಿ ಸೀರೆಗೂ ಉದ್ದ, ಒಡಲಿನ ನೂಲು, ಸೆರಗಿನ ರೇಷ್ಮೆ, ಒಗೆಯುವ ಬಗೆ, ಬೆಲೆ ಇಷ್ಟನ್ನೂ ಬರೆ. ಬೆಲೆಗೆ ‘ಇನ್‌ಬಾಕ್ಸ್ ಮಾಡಿ’ ಎನ್ನಬೇಡ. 41 ಸಾವಿರದಲ್ಲಿ ಅರ್ಧದಷ್ಟು ಮಂದಿ ಬಿಟ್ಟು ಹೋದರೂ ಚಿಂತೆಯಿಲ್ಲ. ತಿಂಗಳಿಗೆ ಎಷ್ಟು ಮಂದಿ ಸೀರೆಯ ವಿವರ ಕೇಳಿದರು, ಎಷ್ಟು ಮಂದಿ ಎರಡನೆಯ ಸಲ ಕೊಂಡರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು.

ಬ್ಯಾಡಗಿ ಮೆಣಸಿನಪುಡಿ, ಹಾವೇರಿ: ಮೇಡಂ, ದಿನಕ್ಕೆ ಎಷ್ಟು ಪೋಸ್ಟ್ ಹಾಕಬೇಕು?

ಸಲಹೆಗಾರ್ತಿ: ಮೇಲೆ ದಾವಣಗೆರೆಯವರಿಗೆ ಹೇಳಿದ್ದೇನೆ.

ಬ್ಯಾಡಗಿ ಮೆಣಸಿನಪುಡಿ, ಹಾವೇರಿ: ಅದು ಚಟ್ನಿಪುಡಿಗೆ. ನಮ್ಮದು ಮೆಣಸಿನಪುಡಿ.

ಸಲಹೆಗಾರ್ತಿ: ಉತ್ತರ ಅದೇ. ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆಗಳಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು ಎಂದು ಎರಡನ್ನೂ ಅಂಗೈಯಲ್ಲಿಟ್ಟು ತೋರಿಸಿ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದನ್ನು ಬಾಯಲ್ಲಿ ಹೇಳುವ ಬದಲು ಬಿಸಿ ಎಣ್ಣೆಗೆ ಒಂದು ಚಮಚ ಪುಡಿ ಹಾಕಿ ತೋರಿಸಿ.

ಮಣ್ಣಿನ ಪಾತ್ರೆ, ಬೆಳಗಾವಿ: ಎಲ್ಲರ ಉಪಯೋಗಕ್ಕಾಗಿ ಒಂದು ಮಾಹಿತಿ ಬಂದಿದೆ. ‘ಫೇಸ್‌ಬುಕ್ ನಿಮ್ಮ ಪೋಸ್ಟನ್ನು 26 ಮಂದಿಗೆ ಮಾತ್ರ ತೋರಿಸುತ್ತದೆ. ಈ ಬರಹವನ್ನು ನಕಲಿಸಿ ನಿಮ್ಮ ಗೋಡೆಗೆ ಅಂಟಿಸಿ, ಗೆಳೆಯರಿಂದ ಒಂದೊಂದು ಕಮೆಂಟ್ ಹಾಕಿಸಿದರೆ ತಡೆ ತೆರವಾಗುತ್ತದೆ. ಸಂಜೆ 7ಕ್ಕೆ 30 ಹ್ಯಾಶ್‌ಟ್ಯಾಗ್ ಸಮೇತ 21 ದಿನ ಮಾಡಿ.’

ಸಲಹೆಗಾರ್ತಿ: ಫಾರ್ವರ್ಡ್ ಬೇಡವೆಂದು ಮೊದಲ ಸಾಲಿನಲ್ಲೇ ಬರೆದಿತ್ತು. ಈ 26 ಮಂದಿಯ ಕತೆ ವರ್ಷಗಳಿಂದ ಊರೂರು ಸುತ್ತುತ್ತಿರುವ ಸುಳ್ಳು. ಅಂಥ ಮಿತಿಯೇ ಇಲ್ಲವೆಂದು ಫೇಸ್‌ಬುಕ್ ಹಿಂದೆಯೇ ಸ್ಪಷ್ಟಪಡಿಸಿದೆ. ಹ್ಯಾಶ್‌ಟ್ಯಾಗ್‌ನಿಂದ ತಲುಪುವಿಕೆ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲವೆಂದು ಮೊಸ್ಸೆರಿಯವರೂ ಹೇಳಿದ್ದಾರೆ. 21 ದಿನ ವ್ರತ ಹಿಡಿಯುವ ಮುನ್ನ, ಆ ಸಂದೇಶ ಕಳುಹಿಸಿದವರ ಸ್ವಂತ ಪುಟದಲ್ಲಿ ಎಷ್ಟು ಗಡಿಗೆ ಮಾರಾಟವಾಗಿವೆ ಎಂದು ಕೇಳಿ ನೋಡಿ.

ಡಿಜಿಟಲ್ ಸೇವೆ, ಹುಬ್ಬಳ್ಳಿ: ಕ್ಷಮಿಸಿ, ನಾನೂ ಇದೇ ವೃತ್ತಿಯಲ್ಲಿದ್ದೇನೆ. ಮೇಡಂ ಹೇಳುವುದು ಈಗಾಗಲೇ ಹೆಸರು ಮಾಡಿದವರಿಗೆ ಒಪ್ಪುವ ಮಾತು. ಹೊಸಬರಿಗೆ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದು ಹೆಚ್ಚು ಹಾಕಿದಾಗ ಮಾತ್ರ ತಿಳಿಯುತ್ತದೆ. ಅಮೂಲ್ ನೋಡಿ, ಸುದ್ದಿಯಾದದ್ದರ ಬೆನ್ನಿಗೇ ಅವರ ಚಿತ್ರ ಬರುತ್ತದೆ. ಅದು ಬ್ರ್ಯಾಂಡ್ ಅಲ್ಲವೇ?

ಸಲಹೆಗಾರ್ತಿ: ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ, ಅಲ್ಲಗಳೆಯುವುದಿಲ್ಲ. ಮೊದಲ ಹತ್ತಿಪ್ಪತ್ತು ವಿಡಿಯೊಗಳನ್ನು ಮಾಡದೆ ಯಾರಿಗೂ ಕೈ ಪಳಗುವುದಿಲ್ಲ. ಆದರೆ ಅಮೂಲ್‌ನ ಹುಡುಗಿ 1966ರಿಂದ ಫಲಕಗಳ ಮೇಲೆ ನಿಂತಿದ್ದಾಳೆ, ಅವಳ ಹಿಂದೆ ಅದಕ್ಕಾಗಿಯೇ ಕುಳಿತ ಬರಹಗಾರರೂ ಕಲಾವಿದರೂ ಇದ್ದಾರೆ, ಪ್ರತಿ ಚಿತ್ರದಲ್ಲೂ ಹೊಸದೊಂದು ಚಮತ್ಕಾರವಿರುತ್ತದೆ. ಹೂವಿನ ಚಿತ್ರದ ಮೇಲೆ ‘ಶುಭ ಮುಂಜಾನೆ’ ಬರೆದು ಮೂಲೆಯಲ್ಲಿ ಅಂಗಡಿಯ ಹೆಸರು ಹಾಕುವುದನ್ನು ಅದರ ಪಕ್ಕದಲ್ಲಿ ಇಡಬೇಡಿ.

ಜೇನು, ಶಿರಸಿ: ನನ್ನ ಅನುಭವ ಕೇಳಿ. ಒಂದು ಏಜೆನ್ಸಿಗೆ ತಿಂಗಳಿಗೆ 8 ಸಾವಿರ ಕೊಟ್ಟು 30 ಪೋಸ್ಟರ್ ಮಾಡಿಸುತ್ತಿದ್ದೆ. ನಾನು ಮಾರುವುದು ಪೆಟ್ಟಿಗೆಯ ತುಡುವೆ ಜೇನು. ಮೇ 20ರ ವಿಶ್ವ ಜೇನುನೊಣ ದಿನಕ್ಕೆ ಅವರು ಹಾಕಿದ್ದು ಮರದ ಕೊಂಬೆಗೆ ಜೋತುಬಿದ್ದ ಹೆಜ್ಜೇನು ತಟ್ಟಿಯ ಚಿತ್ರ. ಹಳೆಯ ಗ್ರಾಹಕರೊಬ್ಬರು ಫೋನ್ ಮಾಡಿ, ‘ಏನು ಹೆಗಡೇರೆ, ಹೆಜ್ಜೇನು ಬೆರೆಸಲು ಶುರು ಮಾಡಿದಿರೋ?’ ಎಂದು ಕೇಳಿದರು. ಅಂದೇ ನಿಲ್ಲಿಸಿದೆ.

ಡಿಜಿಟಲ್ ಸೇವೆ, ಹುಬ್ಬಳ್ಳಿ: ಪೋಸ್ಟರ್ ಒಪ್ಪಿಗೆಗೆ ಬಂದಾಗ ತಾವು ನೋಡಲಿಲ್ಲವೇ? 8 ಸಾವಿರಕ್ಕೆ ಕಾಡಿಗೆ ಬಂದು ಚಿತ್ರ ತೆಗೆಯಲಾಗುತ್ತದೆಯೇ?

ಜೇನು, ಶಿರಸಿ: ಆಗುವುದಿಲ್ಲ ಎಂದಾದರೆ 30 ಮಾಡುವ ಬದಲು ಎರಡು ಮಾಡಬೇಕಿತ್ತು. ನಾನು ಕೇಳಿದ್ದು ಜೇನಿನ ಚಿತ್ರ, ಲೆಕ್ಕ ತುಂಬಿಸುವ ಚಿತ್ರವಲ್ಲ.

ಡಿಜಿಟಲ್ ಸೇವೆ, ಹುಬ್ಬಳ್ಳಿ: ಈಗ ಎಐ ಬಂದಿದೆ, ದಿನಕ್ಕೆ ಹತ್ತು ಲೇಖನ ಬರೆಯಿಸಬಹುದು. ತಾವು ಹಳೆಯ ಕಾಲದಲ್ಲೇ ಇರಿ.

ಸಲಹೆಗಾರ್ತಿ: ಹುಡುಕಾಟದ ಸ್ಥಾನಕ್ಕಾಗಿಯೇ ರಾಶಿ ರಾಶಿ ಲೇಖನ ಹೊಸೆಯುವುದನ್ನು, ಅದು ಯಂತ್ರ ಬರೆದದ್ದಾಗಲಿ ಮನುಷ್ಯ ಬರೆದದ್ದಾಗಲಿ, ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ಸ್ಪ್ಯಾಮ್ ನೀತಿಗೆ ಸೇರಿಸಿದೆ. ಗ್ರಾಹಕರಿಗೆ ಇದನ್ನು ಮಾರುವ ಮೊದಲು ದಯವಿಟ್ಟು ಓದಿಕೊಳ್ಳಿ.

ಡಿಜಿಟಲ್ ಸೇವೆ, ಹುಬ್ಬಳ್ಳಿ: ಓದಿದ್ದೇನೆ. ಪಾಠ ಬೇಕಾಗಿಲ್ಲ.

ಗಾಣದೆಣ್ಣೆ ಮತ್ತು ಪುಡಿಗಳು, ತುಮಕೂರು: ಮೇಡಂ, ‘ನೇರಳೆ ಬೀಜದ ಪುಡಿ: 40 ದಿನಗಳಲ್ಲಿ ಸಕ್ಕರೆ ಕಾಯಿಲೆ ಮಾಯ’ ಎಂಬ ಪೋಸ್ಟ್ ನಮ್ಮ ಪುಟದಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಿದೆ. ಸಾವಿರಾರು ಮಂದಿ ಹಂಚಿಕೊಂಡಿದ್ದಾರೆ. ತಾವು ಹೇಳಿದ ‘ಇನ್ನೊಬ್ಬರಿಗೆ ಕಳುಹಿಸುವ ಪೋಸ್ಟ್’ ಇದೇ ಅಲ್ಲವೇ?

ಸಲಹೆಗಾರ್ತಿ: ಅಲ್ಲ. ಈ ಸಂದೇಶ ಓದಿದ ಕೂಡಲೇ ಅದನ್ನು ತೆಗೆಯಿರಿ. ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತೇನೆಂದು ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧ. ನಿಮ್ಮ ಪೋಸ್ಟನ್ನು ನಂಬಿ ಯಾರಾದರೂ ಇನ್ಸುಲಿನ್ ನಿಲ್ಲಿಸಿದರೆ ಅವರ ಜೀವಕ್ಕೇ ಕುತ್ತು, ಆಗ ಹಂಚಿಕೊಂಡ ಸಾವಿರಾರು ಮಂದಿಯಲ್ಲಿ ಒಬ್ಬರೂ ನಿಮ್ಮ ಬೆನ್ನಿಗೆ ನಿಲ್ಲುವುದಿಲ್ಲ. ನಿಮ್ಮಲ್ಲಿ ಗಾಣವಿದೆಯಲ್ಲ, ಶೇಂಗಾ ಎಣ್ಣೆ ತಿಳಿಯಾಗಲು ಎಷ್ಟು ದಿನ ಬಿಡುತ್ತೀರಿ ಎಂಬುದನ್ನು ತೋರಿಸಿ.

ಗಾಣದೆಣ್ಣೆ ಮತ್ತು ಪುಡಿಗಳು, ತುಮಕೂರು: ನಮ್ಮ ಅಜ್ಜಿಯ ಕಾಲದಿಂದಲೂ ಬಳಸುತ್ತಿದ್ದೇವೆ.

ಸಲಹೆಗಾರ್ತಿ: ಬಳಸಿ. ಬರೆಯಬೇಡಿ.

ಮರದ ಆಟಿಕೆ, ಚನ್ನಪಟ್ಟಣ: ಎರಡು ತಿಂಗಳು ಕಾಯಿಲೆ ಬಿದ್ದು ಯೂಟ್ಯೂಬ್ ಚಾನೆಲ್‌ಗೆ ಏನೂ ಹಾಕಲಿಲ್ಲ. ಚಾನೆಲ್ ಸತ್ತಂತೆಯೇ?

ಸಲಹೆಗಾರ್ತಿ: ಇಲ್ಲ. ವಿರಾಮ ತೆಗೆದುಕೊಂಡ ಕಾರಣಕ್ಕೆ ಚಾನೆಲ್‌ಗೆ ಶಿಕ್ಷೆಯಿಲ್ಲವೆಂದು ಯೂಟ್ಯೂಬ್ ಹೇಳಿದೆ. ತಿರುಗುತ್ತಿರುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಬಣ್ಣವೇರಿಸಿ, ತಾಳೆಗರಿಯಿಂದ ಹೊಳಪು ಕೊಡುವ ನಿಮ್ಮ ಹಳೆಯ ವಿಡಿಯೊವನ್ನು ಜನ ಈಗಲೂ ನೋಡುತ್ತಿದ್ದಾರೆ, ಅಂಕಿಗಳನ್ನು ನೋಡಿ. ಆರೋಗ್ಯ ಮೊದಲು.

ಹೋಮ್‌ಸ್ಟೇ, ಸಕಲೇಶಪುರ: ನನ್ನ ಪ್ರಶ್ನೆ ಬೆಳಿಗ್ಗೆಯಿಂದ ಹಾಗೆಯೇ ಉಳಿದಿದೆ.

ಡಿಜಿಟಲ್ ಸೇವೆ, ಹುಬ್ಬಳ್ಳಿ: ಕೈಮಗ್ಗ, ಆಟಿಕೆ ಎಂದರೆ ಮಾತ್ರ ಇಲ್ಲಿ ಉತ್ತರ ಸಿಗುತ್ತದೆ ಎಂದು ಕಾಣುತ್ತದೆ.

ಜೇನು, ಶಿರಸಿ: ತಮಗೆ ಗೊತ್ತಿದ್ದರೆ ತಾವೇ ಹೇಳಬಹುದಲ್ಲ. ಅದಕ್ಕೂ 8 ಸಾವಿರವೇ?

ನಿರ್ವಾಹಕರು: ಇಬ್ಬರೂ ದಯವಿಟ್ಟು ನಿಲ್ಲಿಸಿ. ಸಮಯವಾಗಿದೆ, ಇದು ಕೊನೆಯ ಪ್ರಶ್ನೆ.

ಇಳಕಲ್ ಸೀರೆ, ಬಾಗಲಕೋಟೆ ಜಿಲ್ಲೆ: ಅಕ್ಕಾವರೇ, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಹಸಿರು ಸೀರೆಯ ಚಿತ್ರ ನೋಡಿ, ‘ಇದು ನನ್ನದಲ್ಲ ಎಂದು ಮೊದಲ ದಿನವೇ ಹೇಳಿದ್ದೆ’ ಎಂದರು. ಹಳೆಯ 1,200 ಪೋಸ್ಟ್‌ಗಳನ್ನು ಅಳಿಸಬೇಕೇ? ಹಿಂದಿರುಗಿದ ಎರಡು ಸೀರೆಗಳನ್ನು ಏನು ಮಾಡಲಿ?

ಸಲಹೆಗಾರ್ತಿ: ಪರರ ಚಿತ್ರಗಳನ್ನೆಲ್ಲ ತೆಗೆ, ಹಬ್ಬದ ಶುಭಾಶಯಗಳು ಇದ್ದರೂ ತೊಂದರೆಯಿಲ್ಲ. ಆ ಇಬ್ಬರು ಗ್ರಾಹಕರಿಗೆ ಹಣ ಹಿಂದಿರುಗಿಸಿ, ಚಿತ್ರ ನಮ್ಮದಾಗಿರಲಿಲ್ಲವೆಂದು ನಿನ್ನ ಕೈಯಾರೆ ಬರೆದು ಕಳುಹಿಸು. ಸೀರೆಗಳನ್ನು ಮಾರಬೇಡ, ಇಟ್ಟುಕೋ. ಕೂಡಿಕೆಯ ಹಿಂಬದಿಯನ್ನು ತೋರಿಸಲು ನಾಳೆ ಬೆಳಿಗ್ಗೆಯೇ ಒಂದು ಬೇಕಾಗುತ್ತದೆ.